ಮಂಡಿಯ ಅಳತೆ ಪುಸ್ತಕ

ಅಕ್ಟೋಬರ್ 4, 2025, ಶನಿವಾರ

ಗಂಗಾ ಬರೆಯಲು ಹೇಳಿರುವುದು ದಿನಕ್ಕೊಂದು ಅಂಕೆ, ಅಷ್ಟೇ. ಸೊನ್ನೆ ಎಂದರೆ ಮಂಡಿನೋವು ಇಲ್ಲ, ಹತ್ತು ಎಂದರೆ ಪ್ರಾಣ ಹೋಗುವಷ್ಟು. ಅದಕ್ಕೆಂದು ಒಂದು ಹಾಳೆ ಕೊಟ್ಟಿದ್ದಾಳೆ. ಆರು ವಾರಕ್ಕೆ ನಲವತ್ತೆರಡು ಚೌಕ, ಒಂದೊಂದೂ ಕಡಲೆಕಾಳು ಇಟ್ಟರೆ ತುಂಬಿಹೋಗುವಷ್ಟು. ಅರವತ್ತೇಳು ವರ್ಷದ ಮಂಡಿಯ ಕಥೆ ಅಷ್ಟರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಅಂಕೆ ಅವಳ ಹಾಳೆಗೆ, ಉಳಿದ ಹಾಳುಮೂಳು ಈ ನೋಟ್‌ಬುಕ್ಕಿಗೆ. ಇದನ್ನು ಓದುವವರು ಯಾರೂ ಇಲ್ಲ. ನಾನು ಬರೆದದ್ದನ್ನೆಲ್ಲ ಕದ್ದು ಓದುತ್ತಿದ್ದವಳು ನನ್ನ ಹೆಂಡತಿ ನೀಲಾಂಬಿಕ. ಅವಳು ಹೋಗಿ ಮೂರು ವರ್ಷವಾಯಿತು. ಹೆನ್ಸ್‌ಫೋರ್ತ್ ನನಗೆ ಪೂರ್ಣ ಸ್ವಾತಂತ್ರ್ಯ, ಬೇಡವಾದಷ್ಟು.

ಗಂಗಾಶ್ರೀ ನನ್ನ ಮಗಳು. ಇದೇ ಶಿಕಾರಿಪುರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಫಿಜಿಯೋಥೆರಪಿ ಕ್ಲಿನಿಕ್ ಇಟ್ಟಿದ್ದಾಳೆ. ಊರಿನ ಮಂಡಿಗಳೆಲ್ಲ ಅವಳ ಮಾತು ಕೇಳುತ್ತವೆ, ಅಪ್ಪನದೊಂದು ಬಿಟ್ಟು. ಶಿವಮೊಗ್ಗದ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆದಿದೆ, ಆದರೆ ಆಪರೇಷನ್ನಿಗೆ ಅವಸರವಿಲ್ಲ, ಮೊದಲು ಈ ಯಂತ್ರ ಕಟ್ಟಿ ನೋಡೋಣ ಎಂದರು. ಸರ್ವೇಯರ್ ಆಗಿ ಮೂವತ್ತಾರು ವರ್ಷ ಅಳತೆಯ ಸರಪಳಿ ಎಳೆಸಿಕೊಂಡು ಎರಡು ತಾಲ್ಲೂಕಿನ ಹೊಲಗದ್ದೆ ಸುತ್ತಿದ ಮಂಡಿ, ಸವೆಯದೆ ಇನ್ನೇನಾದೀತು ಎಂದು ನಾನು ಅವರಿಗೆ ಹೆಮ್ಮೆಯಿಂದಲೇ ಹೇಳಿದೆ.

ಯಂತ್ರವೆಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಅದರಿಂದ ಎರಡು ವೈರು, ವೈರಿನ ತುದಿಗೆ ಒಂದೊಂದು ಬಿಲ್ಲೆ. ನೋವಿನ ಔಷಧಿಯ ಜೆಲ್ ತುಂಬಿದ ಪಟ್ಟಿಯೊಳಗೆ ಬಿಲ್ಲೆ ಕೂರಿಸಿ ಮಂಡಿಯ ಎರಡೂ ಪಕ್ಕಕ್ಕೆ ಅಂಟಿಸಬೇಕು. ದಿನಕ್ಕೆ ನಾಲ್ಕು ಗಂಟೆ. ಅಲ್ಟ್ರಾಸೌಂಡ್ ಅಂತೆ. ನನಗೆ ಗೊತ್ತಿದ್ದ ಅಲ್ಟ್ರಾಸೌಂಡು ಬಸುರಿಯರದು. ಸೌಂಡ್ ಕೇಳುತ್ತದೇನೋ ಎಂದು ಬಗ್ಗಿ ಮಂಡಿಗೆ ಕಿವಿ ಕೊಡಲು ನೋಡಿದೆ. ಯಂತ್ರ ಸುಮ್ಮನಿತ್ತು, ಬಗ್ಗಿದ್ದಕ್ಕೆ ಮಂಡಿಯೇ ಸೌಂಡ್ ಮಾಡಿತು.

ಅಂಕೆ: ಏಳು.

ಅಕ್ಟೋಬರ್ 6, ಸೋಮವಾರ

ಎರಡು ದಿನ ನಾಲ್ಕು ನಾಲ್ಕು ಗಂಟೆ ಹಸೆಮಣೆಯ ಮದುಮಗನಂತೆ ಕಾಲು ಚಾಚಿ ಅಲುಗದೆ ಕೂತಿದ್ದೆ. ಬಚ್ಚಲಿಗೂ ಹೋಗಲಿಲ್ಲ. ಇವತ್ತು ಗಂಗಾ ಬಂದು ನೋಡಿ ನಕ್ಕು ಕುಸಿದಳು. ಓಡಾಡಿಕೊಂಡು ಕೆಲಸ ಮಾಡಲೆಂದೇ ಇದನ್ನು ಮೈಗೆ ಅಂಟುವಂತೆ ಮಾಡಿದ್ದಾರಂತೆ. ಕೂರುವುದಾದರೆ ಕ್ಲಿನಿಕ್ಕಿನ ಹಳೆಯ ಮಿಷನ್ನೇ ಸಾಕಿತ್ತಂತೆ. ಯಂತ್ರದ ಜೊತೆ ಕೊಟ್ಟ ಪುಸ್ತಿಕೆಯಲ್ಲಿ ಬರೆದಿದೆ, ಓದಲಿಲ್ಲವಾ ಎಂದಳು.

ಓದಿದ್ದೆ. ಮೊದಲ ಪುಟ ಓದಿದ್ದೆ, ಕೊನೆಯ ಪುಟ ಓದಿದ್ದೆ. ನಡುವಿನದು ಬಿಟ್ಟಿದ್ದೆ. ಇದು ನನ್ನ ಕಾಲೇಜಿನ ರೋಗ. ಇಂಗ್ಲಿಷ್ ಗಾದೆಗಳೂ ನನಗೆ ತಲೆ ಮತ್ತು ಬಾಲ ಮಾತ್ರ ನೆನಪಿರುತ್ತವೆ. ಎ ರೋಲಿಂಗ್ ಸ್ಟೋನ್ ಅನ್ನುವುದೊಂದಿದೆ, ಮಾಸ್ ಅಂತ ಮುಗಿಯುತ್ತದೆ. ನಡುವೆ ಕಲ್ಲು ಏನು ಮಾಡಿತೋ ದೇವರೇ ಬಲ್ಲ.

ಏಳು.

ಅಕ್ಟೋಬರ್ 9, ಗುರುವಾರ

ಕುಬಟೂರಿನಿಂದ ವರದಮ್ಮ ಬಂದಿದ್ದರು. ಸೊರಬ ತಾಲ್ಲೂಕಿನ ಆ ಮೂಲೆಯಿಂದ ಎರಡು ಬಸ್ಸು ಬದಲಿಸಿ, ಬುಟ್ಟಿಯಲ್ಲಿ ಕೊಟ್ಟೆ ಕಡುಬು ಇಟ್ಟುಕೊಂಡು. ಮೊನ್ನೆ ಭೂಮಿ ಹುಣ್ಣಿಮೆ ಆಯಿತಲ್ಲ, ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ದಿನ, ಆವತ್ತಿನದು. ನನಗಿಂತ ಆರೇಳು ವರ್ಷ ಚಿಕ್ಕವರು, ಗಂಡನಿಲ್ಲ, ಗದ್ದೆಯನ್ನು ತಾವೇ ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ತರಕಾರಿ ಬೆಳೆದು ಆನವಟ್ಟಿ ಸಂತೆಗೆ ಹಾಕುತ್ತಾರೆ.

ವಿಷಯ ಇದು. ಅವರ ಗದ್ದೆಗೂ ಪಕ್ಕದ ಮಧುಸೂದನನ ಗದ್ದೆಗೂ ನಡುವೆ, ಕೆರೆಯ ಕೆಳಗಿನ ಜೌಗಿನಲ್ಲಿ ಒಂದು ಒರತೆಯ ಹೊಂಡವಿದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಹಳೆಯ ನಕ್ಷೆಯ ಪ್ರಕಾರ ಗಡಿ ಅಲ್ಲೊಂದು ಬಾಂದುಕಲ್ಲಿನ ಹತ್ತಿರ ಬಾಗಿ, ಹೊಂಡವನ್ನು ವರದಮ್ಮನ ಕಡೆ ಬಿಟ್ಟು ಮುಂದೆ ಹೋಗುತ್ತದೆ. 1991ರಲ್ಲಿ ಮತ್ತೆ ಅಳತೆಯಾಯಿತು. ಆಗಿನ ಸರ್ವೇಯರ್ ಕಲ್ಲು ಕಾಣೆಯಾಗಿದೆ ಎಂದು ಬರೆದು ಗಡಿಯನ್ನು ಈ ತುದಿಯಿಂದ ಆ ತುದಿಗೆ ನೇರ ಎಳೆದ. ಹೊಂಡ ಆ ಕಡೆ ಹೋಯಿತು. ಮಧುಸೂದನನ ಅಪ್ಪ ಒಳ್ಳೆಯವರು, ನೀರು ಎತ್ತಿಕೊಳ್ಳಿ ಎಂದಿದ್ದರು. ಕಾಗದ ಯಾರೂ ನೋಡಲಿಲ್ಲ. ಈಗ ಅವರಿಲ್ಲ. ಮಗ ತಂತಿಬೇಲಿ ಹಾಕಿಸುತ್ತಿದ್ದಾನೆ. ಗಡಿ ಗುರುತಿಸಲು ಹೊಸ ಸರ್ವೇಯರ್ ನವೆಂಬರ್ ಹದಿನಾಲ್ಕಕ್ಕೆ ಬರುತ್ತಾನೆ.

ಆಗಿನ ಸರ್ವೇಯರ್ ನಾನು.

ಆಕೆ ಜಗಳ ಮಾಡಲು ಬಂದಿರಲಿಲ್ಲ. "ಕಲ್ಲು ಅಲ್ಲೇ ಐತೆ ಮಾರಾಯ್ರೆ. ಕೇದಗೆ ಹಿಂಡಿನೊಳಗೆ. ನಾ ಹೇಳಿರೆ ಯಾರು ಕೇಳ್ತಾರೆ, ನೀವು ಬಂದು ಒಂದು ಮಾತು ಹೇಳಿ. ಈ ಸಲ ಭೂಮ್ತಾಯಿಗೆ ಬಡಿಸೋ ಚರಗದ ಉಂಡೆ ಹೊಂಡದ ದಡದಲ್ಲೇ ಹುಗಿದು ಬಂದೀನಿ. ಮುಂದಿನ ವರ್ಷಕ್ಕೆ ಆ ಮಣ್ಣು ನಮ್ದೋ ಅಲ್ಲೋ."

ನಾನು ಪಂಚೆ ಸರಿಸಿ ಮಂಡಿ ತೋರಿಸಿದೆ. ವಕೀಲರು ಸ್ಟೇ ಆರ್ಡರ್ ತೋರಿಸುವ ಗತ್ತಿನಲ್ಲಿ. ಯಂತ್ರದ ಹಸಿರು ದೀಪ ಮಿನುಗುತ್ತಿತ್ತು. ಆಕೆ ಪಾಪ, ಎರಡು ವೈರು ನೋಡಿ ಬೆಚ್ಚಿ, ಅಯ್ಯೋ ಇಷ್ಟೆಲ್ಲ ಆಗಿದೆಯಾ ಎಂದು ಕಡುಬು ಪೂರ್ತಿ ಬಿಟ್ಟು ಹೋದರು.

ಕಾಣೆಯಾಗಿದೆ ಎಂದು ಬರೆದಿದ್ದರೆ ಕಾಣೆಯಾಗಿತ್ತು ಎಂದೇ ಅರ್ಥ. ಆಸ್ ಪರ್ ರೆಕಾರ್ಡ್ಸ್. ಮೂವತ್ತನಾಲ್ಕು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತದೆ.

ಕಡುಬು ಐದು ತಿಂದೆ. ಏಳು.

ಅಕ್ಟೋಬರ್ 13, ಸೋಮವಾರ

ಏಳು. ಪಟ್ಟಿ ಕೀಳುವಾಗ ಮಂಡಿಯ ಕೂದಲೂ ಬರುತ್ತದೆ. ಆ ನೋವನ್ನು ಯಾವ ಚೌಕದಲ್ಲಿ ಬರೆಯಬೇಕೆಂದು ಗಂಗಾಳನ್ನು ಕೇಳಿದೆ. ಅವಳು ಎರಡನೆಯ ಪಟ್ಟಿಯನ್ನೂ ಕಿತ್ತಳು.

ಅಕ್ಟೋಬರ್ 17, ಶುಕ್ರವಾರ

ಮಾರ್ಕೆಟ್ಟಿಗೆ ಹೋದೆ, ಹೀರೇಕಾಯಿ ಮುದಿಯಾಗಿತ್ತು. ಆಚೆ ಬೀದಿಯ ತಳ್ಳುಗಾಡಿಗೆ ಹೋದೆ, ಅಲ್ಲಿಯೂ ಮುದಿ. ಕೊನೆಗೆ ಕೆರೆ ಏರಿಯ ತುದಿಯಲ್ಲಿ ಕೂರುವ ಮುದುಕಿಯ ಹತ್ತಿರ ಎಳೆಯದು ಸಿಕ್ಕಿತು. ಬರುವಾಗ ಏರಿಯ ಮೇಲೆಯೇ ಬಂದೆ, ಗಾಳಿ ಚೆನ್ನಾಗಿತ್ತು. ಸರ್ವೇಯರ್ ಬುದ್ಧಿ, ಹೆಜ್ಜೆ ಎಣಿಸಿದೆ: ನಾಲ್ಕು ಸಾವಿರದ ಇನ್ನೂರು. ಮನೆಗೆ ಬಂದು ಹೀರೇಕಾಯಿ ಬಜ್ಜಿ ಮಾಡಲು ಹೋದರೆ ಕಡಲೆಹಿಟ್ಟು ಇಲ್ಲ. ಮತ್ತೆ ಅಂಗಡಿಗೆ ಹೋಗಿಬಂದೆ. ನೀಲಾಂಬಿಕ ಇದ್ದಿದ್ದರೆ ಮೊದಲೇ ಡಬ್ಬಿ ನೋಡಿಕೊಂಡು ಹೋಗಿ ಅನ್ನುತ್ತಿದ್ದಳು.

ಮಂಡಿ ಏನೂ ಸುಧಾರಿಸಿದಂತೆ ಕಾಣುವುದಿಲ್ಲ. ಏಳು.

ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ

ಎರಡು ವರ್ಷದಿಂದ ಲಿಂಗಪೂಜೆಯನ್ನು ಕುರ್ಚಿಯ ಮೇಲೆ ಕೂತೇ ಮಾಡುತ್ತಿದ್ದೆ, ಬ್ಯಾಂಕ್ ಮ್ಯಾನೇಜರನ ಹಾಗೆ. ಇವತ್ತು ಹಬ್ಬ, ಗಂಗಾ ಕುರ್ಚಿಗಳನ್ನೆಲ್ಲ ತೊಳೆದು ಅಂಗಳಕ್ಕೆ ಹಾಕಿಬಿಟ್ಟಿದ್ದಳು. ಚಾಪೆಯ ಮೇಲೆ ಕೂತೆ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ ಎದ್ದೆ. ಚಾಪೆ ಒಂದು ಕಡೆ ಹರಿದಿದೆ, ಚುಚ್ಚುತ್ತದೆ, ಹೊಸದು ತರಬೇಕು.

ಕೊರಳಲ್ಲಿ ಲಿಂಗ, ಮಂಡಿಯಲ್ಲಿ ಯಂತ್ರ. ಎರಡೂ ಮೈಮೇಲೆಯೇ ಇರುವಂಥವು. ಒಂದನ್ನು ಮಾತ್ರ ಚಾರ್ಜ್ ಮಾಡಬೇಕು. ಇನ್ನೊಂದರ ಮುಂದೆ ಸುಳ್ಳು ಹೇಳಬಾರದು.

ಯಾಕೆ ಹೀಗೆ ಬರೆದೆನೋ. ಹೋಳಿಗೆ ಹೆಚ್ಚಾಗಿರಬೇಕು. ಏಳು.

ಅಕ್ಟೋಬರ್ 26, ಭಾನುವಾರ

ಹೊಸ ಸರ್ವೇಯರನ ಫೋನು. ಗಿರೀಶ ಅಂತೆ ಹೆಸರು, ಧ್ವನಿ ಕೇಳಿದರೆ ಮೀಸೆ ಬಂದು ಹೆಚ್ಚು ದಿನ ಆದಂತಿಲ್ಲ. ಸಾರ್, ನಿಮ್ಮ ಕೈಯ ನಕ್ಷೆ ಎಂದರೆ ನಮ್ಮ ಆಫೀಸಿನಲ್ಲಿ ಇವತ್ತಿಗೂ ಮಾತಾಡುತ್ತಾರೆ, ಅಕ್ಷರ ಮುತ್ತು ಪೋಣಿಸಿದ ಹಾಗೆ, ಎಂದ. ನಾನು ಗೋಡೆಯ ಮೇಲಿನ ನನ್ನ ಪ್ರಶಂಸಾಪತ್ರ ನೋಡುತ್ತ ಹ್ಞೂಂ ಹ್ಞೂಂ ಎಂದೆ. ಅದರ ಗಾಜಿನೊಳಗೆ ಹಲ್ಲಿ ಮೊಟ್ಟೆ ಇಟ್ಟಿದೆ.

ಅವನ ಹತ್ತಿರ ಈಗ ಸರಪಳಿ ಇಲ್ಲ. ಕೊಡೆಯಂಥದ್ದೊಂದು ಕಂಬ ನೆಟ್ಟರೆ ಆಕಾಶದ ಉಪಗ್ರಹದ ಜೊತೆ ಮಾತಾಡಿ ಒಂದು ಗೇಣೂ ತಪ್ಪದೆ ಜಾಗ ಹೇಳುತ್ತದಂತೆ. ಆದರೆ ಯಾವ ಜಾಗ ಎನ್ನುವುದಕ್ಕೆ ಕೊನೆಯ ದಾಖಲೆಯನ್ನೇ ನೋಡಬೇಕು. ಎಂದರೆ ನನ್ನದನ್ನು. "ಆ ಕಲ್ಲು ನೀವು ಹುಡುಕಿದಾಗ ಸಿಗಲೇ ಇಲ್ವಾ ಸಾರ್? ಹಳೇ ನಕ್ಷೇಲಿ ಸ್ಪಷ್ಟವಾಗೈತೆ, ಅದಕ್ಕೆ ಕೇಳ್ದೆ. ಒಂದಿನ ಬಂದ್ರೆ ಅನುಕೂಲ ಆಗ್ತಿತ್ತು."

ಮಂಡಿ, ಎಂದೆ. ಯಂತ್ರ, ಎಂದೆ. ಅಲ್ಟ್ರಾಸೌಂಡ್ ಅಂಡರ್ ಪ್ರೋಗ್ರೆಸ್, ಎಂದೆ. ಅವನು ಕಾಳಜಿಯಿಂದ, ಸಾರ್ ರೆಸ್ಟ್ ಮಾಡಿ, ಎಂದ.

ಎಂಟು ಎಂದು ಬರೆಯೋಣ ಎನ್ನಿಸಿತು. ಏಳೇ ಇರಲಿ.

ಅಕ್ಟೋಬರ್ 30, ಗುರುವಾರ

ಸಿಕ್ಕಿಬಿದ್ದೆ.

ಗಂಗಾ ಹಾಳೆ ನೋಡಲು ಬಂದಳು. ಇವತ್ತಿಗೆ ಇಪ್ಪತ್ತೇಳು ಚೌಕ ತುಂಬಿರಬೇಕಿತ್ತು. ನಲವತ್ತೆರಡೂ ತುಂಬಿದ್ದವು. ಸೋಮವಾರ ಪೆನ್ನು ಕೈಯಲ್ಲಿತ್ತು, ದಿನಾ ಯಾಕೆ ತಾಪತ್ರಯ ಎಂದು ಕೊನೆಯವರೆಗೂ ಏಳು ಏಳು ಏಳು ಎಂದು ಬರೆದಿಟ್ಟಿದ್ದೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕೊನೆಯ ಚೌಕದ ಮೇಲೆ ಬೆರಳಿಟ್ಟು ಕೇಳಿದಳು:

"ನವೆಂಬರ್ ಹದಿನಾಲ್ಕಕ್ಕೆ ನಿಮ್ಮ ಮಂಡಿ ಹೆಂಗಿರ್ತೈತಿ ಅಂತ ಈಗ್ಲೇ ಗೊತ್ತಾತೇನ್ರೀ ಅಪ್ಪಾಜಿ?"

ಪೆನ್ನಿಗೆ ಮುಚ್ಚಳ ಹಾಕಿದೆ.

"ಅಳತಿ ಮಾಡ್ದೆ ಕೂತಲ್ಲೇ ಬರ್ದ್ರೆ ಹೆಂಗ್ರೀ? ಅದೂ ನೀವು?"

ಅದೂ ನೀವು. ಅವಳಿಗೆ ಏನೂ ಗೊತ್ತಿಲ್ಲ. ಗೋಡೆಯ ಪ್ರಶಂಸಾಪತ್ರ ನೋಡಿಕೊಂಡು ಬೆಳೆದವಳು. ಅಪ್ಪ ಹೆಜ್ಜೆ ಹಾಕದೆ ಅಂಗುಲವನ್ನೂ ಬರೆಯುವುದಿಲ್ಲ ಎಂದು ಶಾಲೆಯ ಪ್ರಬಂಧದಲ್ಲಿ ಬರೆದು ಬಹುಮಾನ ತಂದವಳು.

ಉಳಿದ ದಿನಗಳ ಚೌಕ ಮಾತ್ರ ಇದ್ದ ಹೊಸ ಹಾಳೆ ಇಟ್ಟು ಹೋದಳು. ಮಧ್ಯಾಹ್ನ ಊಟ ಮಾಡಲಿಲ್ಲ. ಅಂಕೆ ಬರೆದಿಲ್ಲ.

ಅಕ್ಟೋಬರ್ 31, ಶುಕ್ರವಾರ

ಬರೆದುಬಿಡುತ್ತೇನೆ. ಓದುವವರು ಯಾರೂ ಇಲ್ಲವಲ್ಲ.

1991ರ ಜೂನ್. ಮದುವೆಯಾಗಿ ಹತ್ತು ದಿನ. ಮಾವನವರು ಕೊಡಿಸಿದ ಕಂದು ಬೂಟು ಹಾಕಿಕೊಂಡು ಕುಬಟೂರಿಗೆ ಅಳತೆಗೆ ಹೋದೆ. ಹಿಂದಿನ ದಿನ ಮಳೆ ಬಂದು ಜೌಗಿನಲ್ಲಿ ಮೊಳಕಾಲುದ್ದ ಕೆಸರು. ಈ ತುದಿಯ ಕಲ್ಲು ನೋಡಿದೆ, ಏರಿಯ ಮೇಲೆ ಸುತ್ತು ಹಾಕಿ ಆ ತುದಿಯ ಕಲ್ಲನ್ನೂ ನೋಡಿದೆ. ನಡುವಿನ ಕಲ್ಲಿಗೆ ಹೋಗಬೇಕೆಂದರೆ ಕೆಸರಿಗೆ ಇಳಿಯಬೇಕು. ಸರಪಳಿ ಎಳೆಯುವ ಚೈನ್‌ಮನ್ ನಾಗಪತಿ, ನಾನು ಇಳಿದು ನೋಡಿ ಬರ್ತೀನಿ ಸಾರ್ ಎಂದ. ಮೂರೂವರೆ ಬಸ್ಸು ಹೋಗಿಬಿಟ್ಟರೆ ರಾತ್ರಿ ಅಲ್ಲೇ ಉಳಿಯಬೇಕಿತ್ತು. ಮನೆಯಲ್ಲಿ ಹೊಸ ಹೆಂಡತಿ. ಬೇಡ ಬಿಡೋ ಎಂದೆ. ನೇರಳೆ ಮರದ ಕೆಳಗೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಕಲ್ಲು ಕಾಣೆಯಾಗಿದೆ ಎಂದು ಬರೆದೆ. ಹುಡುಕದೇ ಇದ್ದ ಕಲ್ಲು ಕಾಣೆಯಾಗಿದೆ. ಎರಡು ತುದಿ ಸೇರಿಸಿ ಸ್ಕೇಲಿಟ್ಟು ಗೆರೆ ಎಳೆದೆ. ಎಂಥ ಗೆರೆ ಅಂತೀರಿ, ಕೂದಲಿನಷ್ಟು ತೆಳು.

ಆ ಸಂಜೆ ನೀಲಾಂಬಿಕ ಬೂಟು ಎತ್ತಿಡುತ್ತ, ಗದ್ದೆಗೆ ಹೋಗಿಬಂದವರ ಬೂಟಿಗೆ ಕೆಸರೇ ಇಲ್ಲವಲ್ಲ ಎಂದಳು. ನಕ್ಕೆ. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಹೇಳಿದೆ. ಅವಳು ನಗಲಿಲ್ಲ. ಹೋಗಿ ಸರಿ ಮಾಡಿ ಬನ್ನಿ ಎಂದಳು. ಹೋಗೋಣ ಎಂದೆ. ವರ್ಗವಾಯಿತು, ಬಡ್ತಿಯಾಯಿತು, ಮಗಳ ಮದುವೆಯಾಯಿತು, ಮಂಡಿ ಸವೆಯಿತು. ನನಗೆ ಮಂಡಿಯಂಥ ಉಪಕಾರಿ ಇನ್ನೊಂದಿಲ್ಲ.

ಈಗ ಕೋಣೆಯಲ್ಲಿ ಹತ್ತು ಸಲ ಕೂತು ಎದ್ದು ನೋಡಿದೆ. ಬಾಗಿಲಿಗೆ ಹೋಗಿ ಬಂದೆ. ಮೆಟ್ಟಿಲು ಹತ್ತಿ ಇಳಿದೆ. ಹಲ್ಲು ಕಚ್ಚುವಂಥದ್ದು ಎಲ್ಲಿಯೂ ಬರಲಿಲ್ಲ.

ಎರಡು. ಇಳಿಯುವಾಗ ಮೂರು. ಯಂತ್ರದಿಂದಲೋ, ಪಟ್ಟಿಯ ಔಷಧಿಯಿಂದಲೋ, ಗಂಗಾ ಬೈದು ಮಾಡಿಸುವ ವ್ಯಾಯಾಮದಿಂದಲೋ, ನನಗೆ ತಿಳಿಯದು. ಎಂದಿನಿಂದ ಎರಡಾಗಿತ್ತು ಎನ್ನುವುದೂ ತಿಳಿಯದು. ಅಳೆದಿದ್ದರೆ ತಾನೇ.

ನವೆಂಬರ್ 3, ಸೋಮವಾರ

ಎರಡು. ಹಾಳೆ ನೋಡಿ ಗಂಗಾಳಿಗೆ ಅನುಮಾನ. ಏಳರಿಂದ ಎರಡಕ್ಕೆ ಒಂದೇ ರಾತ್ರಿಯಲ್ಲಾ ಎಂದಳು. ಬಾಯಿ ತೆರೆದೆ. ನೀರು ಕುಡಿದು ಮುಚ್ಚಿದೆ.

ನವೆಂಬರ್ 8, ಶನಿವಾರ

ಮೂರು. ವರದಮ್ಮನಿಗೆ ಫೋನ್ ಮಾಡಿದೆ. ಬರುತ್ತೇನೆ ಎನ್ನಲು ಹೋಗಿ, ಶಿರಾಳಕೊಪ್ಪದಿಂದ ಆನವಟ್ಟಿಗೆ ಈಗ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಆಕೆ ಹೊತ್ತು ಹೇಳಿದರು. ಅದನ್ನು ಕ್ಯಾಲೆಂಡರಿನಲ್ಲಿ ಹದಿನಾಲ್ಕರ ಮನೆಯಲ್ಲಿ ಬರೆದುಕೊಂಡೆ.

ನವೆಂಬರ್ 13, ಗುರುವಾರ

ಎರಡು. ಬೆಳಿಗ್ಗೆಯಿಂದ ಜ್ವರ ಬರಬಹುದೇ ಎಂದು ಕಾಯುತ್ತಿದ್ದೇನೆ. ಥರ್ಮಾಮೀಟರ್ ಮೂರು ಸಲ ಇಟ್ಟೆ. ಅದೂ ಈಗೀಗ ಸತ್ಯವನ್ನೇ ಹೇಳುತ್ತದೆ.

ಗಂಗಾಳಿಗೆ ಎಲ್ಲ ಹೇಳಿದೆ. ನೇರಳೆ ಮರ, ಬೂಟು, ಗೆರೆ. ಅವಳು ಗೋಡೆಯ ಕಡೆ ಒಮ್ಮೆ ನೋಡಿದಳು. ಆ ಒಂದು ನೋಟಕ್ಕೇ ನಾನು ಮೂವತ್ತನಾಲ್ಕು ವರ್ಷ ಹೆದರಿಕೊಂಡಿದ್ದೆ ಎಂದು ಕಾಣುತ್ತದೆ. ಆಮೇಲೆ ಯಂತ್ರವನ್ನು ಚಾರ್ಜಿಗೆ ಹಾಕಿ, ಎರಡು ಪಟ್ಟಿ ಹೆಚ್ಚಿಗೆ ಚೀಲದಲ್ಲಿಟ್ಟಳು. ಜೊತೆಗೆ ಬರಲೇ ಎಂದಳು. ಬೇಡ ಎಂದೆ.

ನವೆಂಬರ್ 14, ಶುಕ್ರವಾರ

ಬಸ್ಸಿನಲ್ಲೇ ಯಂತ್ರ ಅಂಟಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದವನು, ಮೊಬೈಲ್ ಚಾರ್ಜ್ ಆಗುತ್ತದಾ ಅದರಲ್ಲಿ ಎಂದು ಕೇಳಿದ.

ಹತ್ತೂವರೆಗೆ ಗದ್ದೆಯಲ್ಲಿದ್ದೆ. ಗಿರೀಶ ಕಂಬ ನೆಟ್ಟುಕೊಂಡು ನಿಂತಿದ್ದ, ಮೀಸೆ ನಾನು ಅಂದುಕೊಂಡಷ್ಟೇ ಇತ್ತು. ಮಧುಸೂದನ ಬೇಲಿಯ ತಂತಿಸುರುಳಿಯ ಮೇಲೆ ಕೂತಿದ್ದ. ವರದಮ್ಮ ಬದುವಿನ ಮೇಲೆ. ನೇರಳೆ ಮರ ಈಗ ಇಲ್ಲ. ಕೂರಲು ಜಾಗವೇ ಇರಲಿಲ್ಲ.

ಇಂಗ್ಲಿಷಿನಲ್ಲಿ ಶುರು ಮಾಡೋಣ ಎಂದುಕೊಂಡು ಬಂದಿದ್ದೆ, ಐ ಬೆಗ್ ಟು ಸ್ಟೇಟ್ ಎಂದು. ಕೊನೆಗೆ ಕನ್ನಡದಲ್ಲೇ ಹೇಳಿದೆ.

"ಈ ನಡುವಿನ ಅಳತೆ ನಾನು ನಡೆದು ತೆಗೆದದ್ದಲ್ಲ. ಕಲ್ಲು ಹುಡುಕಲೇ ಇಲ್ಲ. ಹೊಸ ಬೂಟಿಗೆ ಕೆಸರಾಗುತ್ತದೆಂದು ಮರದ ಕೆಳಗೆ ಕೂತು ಬರೆದೆ."

ಗಿರೀಶ ನನ್ನನ್ನು ಪಕ್ಕಕ್ಕೆ ಕರೆದು, ಇದನ್ನು ಹೇಳಿಕೆ ಎಂದು ಬರೆದುಕೊಂಡರೆ ನಿಮಗೇ ತೊಂದರೆಯಾಗಬಹುದು ಸಾರ್ ಎಂದು ಪಿಸುಗುಟ್ಟಿದ. ಬರೆದುಕೊ ಎಂದೆ. ಅವನ ಅಕ್ಷರ ಕಾಗೆ ಕಾಲು. ಆದರೆ ನಾನು ಹೇಳಿದ್ದನ್ನೇ ಬರೆದ.

ಮಧುಸೂದನ ಎದ್ದು ಬಂದ. "ಹಂಗಾರೆ ನಮ್ಮಪ್ಪ ಸಾಯೋ ತನಕ ತಮ್ದು ಅಂದ್ಕೊಂಡಿದ್ದು ನಿಮ್ಮ ಬೂಟಿನ ದೆಸೆಯಿಂದ?" ಹೌದು ಎಂದೆ. ಅವನಿಗೆ ಬೈಯುವುದು ಬಹಳ ಇತ್ತು, ಬೈದ. ಕೇಳಿಸಿಕೊಂಡೆ. ಕೊನೆಗೆ, ಮಾತು ಯಾರು ಬೇಕಾದರೂ ಆಡಬಹುದು, ಕಲ್ಲು ತೋರಿಸಿ ಎಂದ.

ಸರಿ. ಯಂತ್ರ ಬಿಚ್ಚಿ ವರದಮ್ಮನ ಕೈಗೆ ಕೊಟ್ಟೆ. ಆಕೆ ಅದನ್ನು ಮೊಟ್ಟೆಯ ಹಾಗೆ ಸೆರಗಿನಲ್ಲಿ ಸುತ್ತಿ ಹಿಡಿದರು. ಪಂಚೆ ಎತ್ತಿ ಕಟ್ಟಿ, ಹಾರೆ ಊರಿಕೊಂಡು ಕೆಸರಿಗೆ ಇಳಿದೆ. ಗಿರೀಶ ಹಳೆಯ ನಕ್ಷೆಯ ಅಳತೆ ಕೂಗಿ ಹೇಳುತ್ತಿದ್ದ, ನಾನು ಹೆಜ್ಜೆ ಎಣಿಸುತ್ತಿದ್ದೆ. ಚಪ್ಪಲಿ ಎರಡು ಸಲ ಕೆಸರಿನಲ್ಲಿ ಉಳಿದು, ಎರಡು ಸಲ ಬಗ್ಗಿ ಎತ್ತಿಕೊಂಡೆ. ನೂರಾ ಹದಿನೆಂಟನೆಯ ಹೆಜ್ಜೆಗೆ ಕೇದಗೆಯ ಮುಳ್ಳು ಮುಖಕ್ಕೆ ಬಂತು. ಹಾರೆ ಊರಿದೆ, ಮಣ್ಣು. ಒಂದು ಮಾರು ಎಡಕ್ಕೆ ಊರಿದೆ. ಠಣ್ ಎಂದಿತು.

ಕಲ್ಲು ಅಲ್ಲೇ ಇತ್ತು. ನಾನು ಬರಲೆಂದು ಕಾದಿತ್ತು ಎಂದೆಲ್ಲ ಬರೆಯುವುದಿಲ್ಲ; ಕಲ್ಲಿಗೆ ಬೇರೆ ಕೆಲಸವಿಲ್ಲ, ಇತ್ತು ಅಷ್ಟೇ. ಕೇದಗೆಯ ಎಲೆಗಳ ಮರೆಯಲ್ಲಿ, ಕೆಸರಿನಿಂದ ಒಂದು ಮೊಳ ಮೇಲಕ್ಕೆ, ಮೈತುಂಬ ಹಾವಸೆ.

ಮಧುಸೂದನನೂ ಇಳಿದು ಬಂದಿದ್ದ. ಇದನ್ನು ಈಚೆಗೆ ಯಾರೋ ತಂದು ನೆಟ್ಟಿರಬಹುದು ಎಂದ. ನಾನು ಮನೆಯ ಬೀಗದ ಕೈಯಿಂದ ಹಾವಸೆ ಕೆರೆದೆ. ಒಂದು ಬೆರಳು ದಪ್ಪ, ಪದರಪದರವಾಗಿ ಎದ್ದುಬಂತು. ಒಳಗೆ ಉಳಿಯಿಂದ ಕೊರೆದ ಹಳೆಯ ಗುರುತು. ಆಗ, ಮೊಳಕಾಲುದ್ದ ಕೆಸರಿನಲ್ಲಿ ನಿಂತಿರುವಾಗ, ಗಾದೆಯ ನಡುವಿನ ಭಾಗ ತಾನಾಗಿ ಬಾಯಿಗೆ ಬಂತು. ಗ್ಯಾದರ್ಸ್ ನೋ. ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್. ಉರುಳಿದ ಕಲ್ಲಿಗೆ ಹಾವಸೆ ಕಟ್ಟುವುದಿಲ್ಲಪ್ಪ, ಇದು ಉರುಳಿಲ್ಲ, ಎಂದೆ. ಅವನು ಬೆರಳಿನಿಂದ ಆ ಗುರುತನ್ನು ಮುಟ್ಟಿ ನೋಡಿ, ತಿರುಗಿ ಹೋಗಿ ತಂತಿಸುರುಳಿಯನ್ನು ಗಾಡಿಗೆ ಹಾಕಿದ.

ಗಿರೀಶ ಕಲ್ಲಿನ ಪಕ್ಕ ಕಂಬ ನೆಟ್ಟು ಜಾಗ ಗುರುತು ಮಾಡಿಕೊಂಡ. ಇನ್ನು ವರದಿ, ಮೇಲಿನವರು, ನೋಟಿಸು. ನನಗೂ ಒಂದು ಬರಬಹುದು. ವರದಮ್ಮ ಹೊಂಡದ ನೀರಿನಲ್ಲಿ ಕಾಲು ತೊಳೆದುಕೊಳ್ಳಿ ಎಂದರು. ಬೇಡ, ಹೀಗೇ ಇರಲಿ ಎಂದೆ. ಮಂಡಿ ಜೊತೆಗೆ ತಲೆಯೂ ಕೆಟ್ಟಿದೆ ಎಂದುಕೊಂಡಿರಬೇಕು.

ಮನೆಗೆ ಬಂದಾಗ ಸಂಜೆ ಐದೂವರೆ. ಚಪ್ಪಲಿಯನ್ನು ನೀಲಾಂಬಿಕಳ ಫೋಟೊದ ಎದುರಿನ ಬಾಗಿಲಲ್ಲಿ ಬಿಟ್ಟಿದ್ದೇನೆ, ಕೆಸರು ಸಮೇತ. ಮಂಡಿ ಊದಿ ಬೂದುಗುಂಬಳವಾಗಿದೆ. ಗಂಗಾ ಒತ್ತಿ ನೋಡಿ, ಐಸ್ ಇಟ್ಟು, ಆರು ವಾರದ ಕೆಲಸ ಒಂದೇ ದಿನಕ್ಕೆ ಕೆಡಿಸಿಕೊಂಡು ಬಂದಿರಲ್ಲ ಎಂದು ಗೊಣಗುತ್ತ ಹಾಳೆ ಮುಂದಿಟ್ಟಳು. ಉಳಿದದ್ದು ಕೊನೆಯ ಚೌಕ. ಕೂತಲ್ಲಿಂದ ಎದ್ದೆ. ಬಾಗಿಲವರೆಗೆ ಹೋದೆ, ಚಪ್ಪಲಿ ನೋಡಿದೆ, ತಿರುಗಿ ಬಂದೆ. ಆಮೇಲೆ ಪೆನ್ನು ತೆಗೆದುಕೊಂಡೆ.

ಎಂಟು. ಅಳೆದು ಬರೆದದ್ದು.